ಉಪ್ಪುನೀರಲ್ಲಿ ರಕ್ತಕಣ ಸುಕ್ಕಾಗೋ ಬದಲು ಮುಳ್ಳು ಮುಳ್ಳಾಗೋದು ಯಾಕೆ?

ನೀವು ಕೇಳಿರೋದು ಎರಡು ಪ್ರಶ್ನೆ. ಪಿಯುಸಿ ಪುಸ್ತಕದಲ್ಲಿ ಕೆಂಪು ರಕ್ತಕಣ ಉಪ್ಪುನೀರಿಗೆ ಬಿದ್ರೆ ನೀರು ಕಳ್ಕೊಂಡು ಸುಕ್ಕಾಗತ್ತೆ ಅಂತ ಬರ್ದಿದೆ, ಆದ್ರೆ ಪಕ್ಕದ ಚಿತ್ರದಲ್ಲಿ ಮುಳ್ಳಿನ ಚೆಂಡಿನ ತರ ಇದೆ, ಯಾಕೆ ಅನ್ನೋದು ಒಂದು. ನೀವು ದಿನಕ್ಕೆ ಎರಡು ಲೋಟ ನೀರು ಕುಡಿದ್ರೆ ಹೆಚ್ಚು, ಹಾಗಾದ್ರೆ ನಿಮ್ಮೊಳಗೂ ಹೀಗೇ ಆಗ್ತಿದೆಯಾ ಅನ್ನೋ ಭಯ ಇನ್ನೊಂದು. ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್, ಹನ್ನೆರಡು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣಿಟ್ಕೊಂಡೇ ಕೂತಿರೋನು, ಈ ಮುಳ್ಳಿನ ಕಣಗಳ ಜೊತೆ ನಂದು ಹಳೇ ಜಗಳ. ಭಯದ ಪ್ರಶ್ನೆಗೆ ಮೊದಲೇ ಹೇಳ್ಬಿಡ್ತೀನಿ, ಇಲ್ಲ, ಆಗ್ತಿಲ್ಲ. ಯಾಕಿಲ್ಲ ಅನ್ನೋದು ಕೆಳಗೆ ಬರತ್ತೆ.

ಡಿಎಂಎಲ್‌ಟಿ, ಅಂದ್ರೆ ಲ್ಯಾಬ್ ಕೆಲಸದ ಡಿಪ್ಲೊಮಾ, ಓದೋವಾಗ ನಮಗೆ ಇದನ್ನ ಮಾಡಿಸಿದ್ರು. ಬೆರಳು ಚುಚ್ಚಿ ಒಂದು ಹನಿ ರಕ್ತ ತಗೊಂಡು ನಾರ್ಮಲ್ ಸಲೈನಲ್ಲಿ ಬೆರೆಸಿ ಸ್ಲೈಡ್ ಮೇಲೆ ಇಟ್ಟು ಕವರ್ ಸ್ಲಿಪ್ ಮುಚ್ಚೋದು. ನಾರ್ಮಲ್ ಸಲೈನ್ ಅಂದ್ರೆ ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಆಸ್ಪತ್ರೇಲಿ ಡ್ರಿಪ್ ಹಾಕ್ತಾರಲ್ಲ ಅದೇ. ಕಣಗಳೆಲ್ಲ ದುಂಡಗೆ, ಎರಡೂ ಕಡೆ ಹೆಬ್ಬೆರಳಲ್ಲಿ ಒತ್ತಿದ ಪೇಡೆ ತರ, ನಡುವೆ ತಿಳಿ ಬಣ್ಣ. ಆಮೇಲೆ ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಗಟ್ಟಿ ಉಪ್ಪುನೀರು ಒಂದು ತೊಟ್ಟು ಬಿಟ್ಟು ಎದುರು ಅಂಚಿಗೆ ಫಿಲ್ಟರ್ ಪೇಪರ್ ಚೂರು ತಾಗಿಸಿದ್ರೆ ಅದು ಹಳೇ ನೀರನ್ನ ಹೀರ್ಕೊಳತ್ತೆ, ಉಪ್ಪುನೀರು ಮೆಲ್ಲಗೆ ಒಳಗೆ ಹರಿಯತ್ತೆ. ಉಪ್ಪುನೀರು ತಲುಪಿದ ಕಡೆಯಿಂದ ಸಾಲಾಗಿ ಒಂದೊಂದೇ ಕಣದ ಅಂಚು ಅಲೆ ಅಲೆ ಆಗಿ, ನೋಡ್ತಾ ನೋಡ್ತಾ ಮೈ ತುಂಬ ಮೊಂಡು ಮುಳ್ಳು ಬಂದು ಪಕ್ಕಾ ಮಡಹಾಗಲಕಾಯಿ! ಮತ್ತೆ ನಾರ್ಮಲ್ ಸಲೈನ್ ಹರಿಸಿದ್ರೆ ಹೆಚ್ಚಿನವು ಏನೂ ಆಗೇ ಇಲ್ಲ ಅನ್ನೋ ಹಾಗೆ ವಾಪಸ್ ದುಂಡಗೆ. ನಾನು ಆವತ್ತು ಮಧ್ಯಾಹ್ನದ ಊಟ ಬಿಟ್ಟು ಅದನ್ನೇ ನಾಲ್ಕು ಸಲ ಮಾಡಿದ್ದೆ.

ನೀರು ಹೊರಗೆ ಹೋಗೋದ್ರಲ್ಲಿ ವಿಶೇಷ ಏನಿಲ್ಲ. ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿಲಿ ಇಟ್ರೆ ನೀರು ಬಿಟ್ಕೊಂಡು ಮಿಡಿ ಚಿರುಟತ್ತಲ್ಲ, ಅದೇ ಕಥೆ, ಹೊರಗೆ ಉಪ್ಪು ಜಾಸ್ತಿ ಇದ್ರೆ ಒಳಗಿನ ನೀರು ಆ ಕಡೆ ನಡೆಯತ್ತೆ. ಮಿಡಿಗೆ ದಿನಗಟ್ಟಲೆ ಬೇಕು, ರಕ್ತಕಣಕ್ಕೆ ಒಂದು ಸೆಕೆಂಡೂ ಬೇಡ. ಯಾಕಂದ್ರೆ ಅದರ ಪೊರೆಯಲ್ಲಿ ನೀರಿಗೆ ಅಂತಲೇ ಸಣ್ಣ ಸಣ್ಣ ತೂಬು ಇವೆ, ಒಂದೊಂದು ಕಣಕ್ಕೂ ಲಕ್ಷಕ್ಕೆ ಮೇಲೆ, ಅಕ್ವಾಪೋರಿನ್ ಅಂತ ಹೆಸರು. ಅಮೆರಿಕದ ಪೀಟರ್ ಆಗ್ರೆ 1992ರಲ್ಲಿ ಅದು ನೀರಿನ ದಾರಿ ಅಂತ ತೋರಿಸಿದ್ರು, 2003ರಲ್ಲಿ ಅದಕ್ಕೇ ನೊಬೆಲ್ ಬಂತು. ಆ ಪ್ರೋಟೀನ್ ಅವರಿಗೆ ಮೊದಲು ಸಿಕ್ಕಿದ್ದೂ ರಕ್ತಕಣದ ಪೊರೆಯಲ್ಲೇ.

ಈಗ ಮುಳ್ಳಿನ ವಿಷಯ. ಮಿಡಿ ಮೇಲೆ ಸುಕ್ಕು ಎಲ್ಲೆಂದ್ರಲ್ಲಿ ಬೀಳತ್ತೆ, ರಕ್ತಕಣದ ಮುಳ್ಳು ಅಳತೆ ಹಿಡಿದು ಇಟ್ಟ ಹಾಗೆ ಸಮ ಅಂತರದಲ್ಲಿ ಏಳತ್ತೆ, ಅದೇ ಮಜಾ. ರಕ್ತಕಣಕ್ಕೆ ಗಿಡದ ಕಣದ ತರ ಗಟ್ಟಿ ಗೋಡೆ ಇಲ್ಲ, ಬರೀ ಪೊರೆ. ಅದೂ ದೊಗಳೆ ಪೊರೆ. ಒಂದು ಕಣದೊಳಗೆ ಇರೋ ಅಷ್ಟು ಸಾಮಾನನ್ನ ಪೂರ್ತಿ ದುಂಡು ಉಂಡೆ ಮಾಡಿ ಸುತ್ತೋಕೆ ಬೇಕಾದ್ದಕ್ಕಿಂತ ಸುಮಾರು 40% ಜಾಸ್ತಿ ಬಟ್ಟೆ ಇದೆ ಅಂದ್ಕೊಳಿ. ಆ ದೊಗಳೆತನ ಇರೋದ್ರಿಂದಲೇ 7-8 ಮೈಕ್ರಾನ್ ಅಗಲದ ಕಣ ತನಗಿಂತ ಕಿರಿದಾದ ರಕ್ತನಾಳದಲ್ಲೂ ಮಡಚಿಕೊಂಡು ನುಸುಳತ್ತೆ. ನೀರು ಹೋದ್ರೆ ಒಳಗಿನ ಸಾಮಾನು ಕಮ್ಮಿ ಆಯ್ತು, ಬಟ್ಟೆ ಅಷ್ಟೇ ಇದೆ, ಇನ್ನೂ ದೊಗಳೆ. ಈ ಪೊರೆ ಬಾಗತ್ತೆ, ಆದ್ರೆ ಅದರ ವಿಸ್ತೀರ್ಣ ಹಿಗ್ಗಲ್ಲ ಕುಗ್ಗಲ್ಲ, ಹಾಗಾಗಿ ಹೆಚ್ಚಾಗಿದ್ದು ಎಲ್ಲಾದ್ರೂ ಹೋಗಲೇಬೇಕು.

ಎಲ್ಲಿಗೆ ಹೋಗತ್ತೆ ಅನ್ನೋಕೆ ಪೊರೆಯ ಕಟ್ಟೋಣ ನೋಡ್ಬೇಕು. ಪೊರೆ ಎರಡು ಪದರ. ಹಪ್ಪಳ ಬಿಸಿಲಿಗೆ ಹಾಕಿದಾಗ ಒಂದು ಮಗ್ಗುಲು ಬೇಗ ಒಣಗಿ ಚಿಕ್ಕದಾದ್ರೆ ಇಡೀ ಹಪ್ಪಳ ಮುದುರತ್ತಲ್ಲ, ಇಲ್ಲೂ ಹಾಗೇ, ಹೊರಪದರ ಒಳಪದರಕ್ಕಿಂತ ಕೂದಲೆಳೆಯಷ್ಟು ದೊಡ್ಡದಾದ್ರೂ ಪೊರೆ ಹೊರಗೆ ಉಬ್ಬುತ್ತೆ, ಒಳಪದರ ದೊಡ್ಡದಾದ್ರೆ ಕಣ ಬಟ್ಟಲಿನ ತರ ಗುಳಿ ಬೀಳತ್ತೆ. 1974ರಲ್ಲಿ ಶೀಟ್ಜ್ ಮತ್ತು ಸಿಂಗರ್ ಅನ್ನೋರು ಈ ಲೆಕ್ಕ ಕೊಟ್ಟಿದ್ದು. ಹಾಗಾದ್ರೆ ಒಂದೇ ದೊಡ್ಡ ಗುಳ್ಳೆ ಯಾಕೆ ಆಗಲ್ಲ ಅಂತ ನೀವು ಕೇಳ್ಬಹುದು (ನಾನು ಕೇಳಿದ್ದೆ, ಕ್ಲಾಸಲ್ಲಿ ಬೈಸ್ಕೊಂಡೆ). ಪೊರೆಯ ಒಳಮೈಗೆ ಸ್ಪೆಕ್ಟ್ರಿನ್ ಅನ್ನೋ ಪ್ರೋಟೀನಿನ ಬಲೆ ಅಂಟಿಕೊಂಡಿದೆ, ಸೊಳ್ಳೆಪರದೆ ತರ ಆದ್ರೆ ಎಳೆದ್ರೆ ಜಗ್ಗತ್ತೆ, ಬಿಟ್ರೆ ವಾಪಸ್. ಒಂದೇ ಕಡೆ ದೊಡ್ಡ ಗುಳ್ಳೆ ಎದ್ರೆ ಅಲ್ಲಿ ಬಲೆ ಸಿಕ್ಕಾಪಟ್ಟೆ ಎಳೆಯತ್ತೆ, ಅದಕ್ಕೆ ಬಲೆ ಬಿಡಲ್ಲ. ಪೊರೆ ಉಬ್ಬೋಕೆ ನೋಡತ್ತೆ, ಬಲೆ ಒಳಗೆ ಜಗ್ಗತ್ತೆ, ಕೊನೆಗೆ ರಾಜಿ ಆಗೋದು ಹತ್ತಿಪ್ಪತ್ತು ಸಣ್ಣ ಮುಳ್ಳುಗಳಲ್ಲಿ. ಸ್ವಲ್ಪ ನೀರು ಹೋದ್ರೆ ಮುಳ್ಳೇನೂ ಬರಲ್ಲ, ಪೇಡೆ ಇನ್ನೊಂಚೂರು ತೆಳ್ಳಗಾಗತ್ತೆ ಅಷ್ಟೇ.

ಇನ್ನು ನನ್ನ ಜಗಳ. ಮಲೆನಾಡಿನ ಒಂದು ಸಣ್ಣ ಲ್ಯಾಬಲ್ಲಿ ಹೊಸದಾಗಿ ಸೇರಿದ್ದೆ, ಜುಲೈ ತಿಂಗಳು, ಗೋಡೆಯೇ ಬೆವರೋ ಅಂಥ ಮಳೆ. ವಯಸ್ಸಾದ ಅಜ್ಜಿ ಒಬ್ಬರ ಸ್ಮಿಯರ್ ಮಾಡಿ, ಅಂದ್ರೆ ರಕ್ತದ ಹನಿಯನ್ನ ಸ್ಲೈಡ್ ಮೇಲೆ ತೆಳ್ಳಗೆ ಎಳೆದು, ಒಣಗೋಕೆ ಇಟ್ಟು ಟೀ ಕುಡಿಯೋಕೆ ಹೋದೆ. ಬಂದು ಸ್ಟೇನ್ ಮಾಡಿ, ಅಂದ್ರೆ ಬಣ್ಣ ಹಾಕಿ, ನೋಡಿದ್ರೆ ಫೀಲ್ಡ್ ತುಂಬ ಮುಳ್ಳಿನ ಕಣ. ಕಿಡ್ನಿ ಫೇಲ್ ಆದೋರ ರಕ್ತದಲ್ಲಿ ಇಂಥವು ಕಾಣತ್ತೆ ಅಂತ ಓದಿದ್ದೆ, ಗಾಬರಿ ಬಿದ್ದು ರಿಪೋರ್ಟಲ್ಲಿ ಬರ್ದೇಬಿಟ್ಟಿದ್ದೆ. ಸೀನಿಯರ್ ಮೇಡಂ ನೋಡಿ 'ಒಂದೂ ಬಿಡದೆ ಎಲ್ಲಾ ಕಣಕ್ಕೂ ಮುಳ್ಳು ಬಂದಿದೆ ಅಂದ್ರೆ ಅಜ್ಜಿಗೆ ಏನೂ ಆಗಿಲ್ಲಪ್ಪ, ನಿನ್ನ ಸ್ಲೈಡಿಗೆ ಆಗಿದೆ' ಅಂದ್ರು. ತೇವದ ಗಾಳಿಲಿ ಸ್ಲೈಡ್ ನಿಧಾನ ಒಣಗಿದಷ್ಟೂ ಉಳಿದ ಪ್ಲಾಸ್ಮಾದಲ್ಲಿ (ಕಣ ಬಿಟ್ಟು ರಕ್ತದ ನೀರಿನ ಭಾಗ) ಉಪ್ಪು ಗಟ್ಟಿ ಆಗ್ತಾ ಹೋಗತ್ತೆ, ಕಣಗಳು ಅಲ್ಲೇ ಉಪ್ಪಿನಕಾಯಿ. ಮತ್ತೆ ಹೊಸ ಸ್ಮಿಯರ್ ಎಳೆದು ಫ್ಯಾನ್ ಕೆಳಗೆ ಪಟ್ ಅಂತ ಒಣಗಿಸಿದ್ರೆ ಎಲ್ಲಾ ದುಂಡಗೆ. ಆ ರಿಪೋರ್ಟ್ ಹರಿದು ಹಾಕಿದ್ವಿ, ಪುಣ್ಯ.

ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿರೋ ನೇರಳೆ ಮುಚ್ಚಳದ ಟ್ಯೂಬಿಗೆ ಪೂರ್ತಿ ಗುರುತಿನ ತನಕ ರಕ್ತ ತುಂಬದೆ ಅರ್ಧಂಬರ್ಧ ಬಿಟ್ರೂ ಇದೇ ಗೋಳು, ಅದರೊಳಗಿನ ಇಡಿಟಿಎ ಕೂಡ ಒಂದು ಉಪ್ಪೇ ಅಲ್ವಾ. ಸ್ಯಾಂಪಲ್ ಹಳೇದಾದ್ರೂ ಹಾಗೇ, ಬ್ಲಡ್ ಬ್ಯಾಂಕಲ್ಲಿ ವಾರಗಟ್ಟಲೆ ಇಟ್ಟ ರಕ್ತದಲ್ಲೂ ಹಾಗೇ, ಅಲ್ಲಿ ಕಾರಣ ನೀರಲ್ಲ, ಕಣದ ಒಳಗಿನ ಶಕ್ತಿ ಮುಗಿದಿರೋದು. ನಾನು ನೋಡಿರೋ ಮುಳ್ಳಿನ ಕಣದಲ್ಲಿ ಮುಕ್ಕಾಲು ಪಾಲು ನಾವೇ ಗಾಜಿನ ಮೇಲೆ ಮಾಡಿಟ್ಟಿದ್ದು.

ಮೈಯೊಳಗೆ ಯಾಕೆ ಹಾಗಾಗಲ್ಲ ಅಂದ್ರೆ, ರಕ್ತದ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಒಳಗೆ ಇರತ್ತೆ, ಸ್ವಲ್ಪ ಏರಿದ್ರೂ ಮಿದುಳು ಬಾಯಾರಿಕೆ ಹುಟ್ಟಿಸತ್ತೆ, ಕಿಡ್ನಿ ಮೂತ್ರ ಗಟ್ಟಿ ಮಾಡಿ ನೀರು ಉಳಿಸತ್ತೆ. ಕಾಯಿಲೆ ಬಿದ್ದು ನೀರಿಲ್ಲದೆ ಸೋಡಿಯಂ 160 ಆಯ್ತು ಅಂದ್ರೆ ಪ್ರಾಣಕ್ಕೇ ಅಪಾಯ, ಆವಾಗಲೂ ಕಣ ಕಳ್ಕೊಳ್ಳೋದು ಹತ್ತರಲ್ಲಿ ಒಂದು ಪಾಲು ನೀರು. ತಮಾಷೆ ಅಂದ್ರೆ ಅಂಥೋರ ರಕ್ತ ಅನಲೈಜರಿಗೆ ಕೊಟ್ರೆ ಎಂಸಿವಿ, ಅಂದ್ರೆ ಕಣದ ಗಾತ್ರ, ಜಾಸ್ತಿ ತೋರಿಸ್ಬಹುದು! ಮಿಷಿನ್ ಒಳಗಿನ ನೀರು ಮಾಮೂಲಿ ಉಪ್ಪಿನ ಮಟ್ಟದ್ದು, ಗಟ್ಟಿ ರಕ್ತಕ್ಕೆ ಒಗ್ಗಿದ ಕಣ ಅದಕ್ಕೆ ಬಿದ್ದ ತಕ್ಷಣ ನೀರು ಕುಡಿದು ಊದ್ಕೊಳತ್ತೆ.

ನಿಜವಾದ ಉಪ್ಪುನೀರಿನ ಪರೀಕ್ಷೆ ನಿಮ್ಮ ಕಿಡ್ನಿಯ ಒಳಭಾಗದಲ್ಲಿ ದಿನಾ ನಡೀತಿದೆ. ಅಲ್ಲಿ ಸಾಂದ್ರತೆ ರಕ್ತದ ನಾಲ್ಕು ಪಟ್ಟಿನ ತನಕ ಹೋಗತ್ತೆ, ಕಣ ಒಳಗೆ ಹೋಗ್ತಾ ಕುಗ್ಗಿ ಹೊರಗೆ ಬರ್ತಾ ಹಿಗ್ಗತ್ತೆ, ತನ್ನ 120 ದಿನದ ಬದುಕಲ್ಲಿ ಲೆಕ್ಕವಿಲ್ಲದಷ್ಟು ಸಲ. ಡೆಂಗ್ಯೂ ಬಂದಾಗ ಪಿಸಿವಿ, ಅಂದ್ರೆ ರಕ್ತದಲ್ಲಿ ಕಣಗಳ ಪಾಲು, ಏರಿದೆ ಅಂತಾರಲ್ಲ, ಅದೂ ಬೇರೆ, ಅಲ್ಲಿ ನೀರು ಹೋಗೋದು ಕಣದಿಂದ ಅಲ್ಲ, ರಕ್ತನಾಳದಿಂದ ಪ್ಲಾಸ್ಮಾ ಸೋರೋದು.

ಕಣದ ನೀರು ಹೋದ್ರೆ ನಿಜಕ್ಕೂ ಕೆಡೋದು ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇರೋರಿಗೆ. ಅವರ ಹಿಮೋಗ್ಲೋಬಿನ್ ಆಕ್ಸಿಜನ್ ಬಿಟ್ಟುಕೊಟ್ಟಾಗ ಸರಳಿನ ತರ ಜೋಡಿಕೊಂಡು ಕಣ ಕುಡುಗೋಲಿನ ಆಕಾರಕ್ಕೆ ಬಾಗತ್ತೆ, ಒಳಗೆ ನೀರು ಕಮ್ಮಿ ಆದಷ್ಟೂ ಈ ಜೋಡಣೆ ಬೇಗ ಬೇಗ ಆಗತ್ತೆ. ನಮ್ಮ ದೇಶದಲ್ಲಿ ಮೊದಲು ವರದಿ ಆಗಿದ್ದು 1952ರಲ್ಲಿ ನೀಲಗಿರಿ ಬೆಟ್ಟದಲ್ಲಿ, ಇಲ್ಲಿ ಚಾಮರಾಜನಗರ, ಮೈಸೂರು ಕಡೆಯ ಬುಡಕಟ್ಟು ಜನರಲ್ಲೂ ಇದೆ. ಅವರಿಗೆ ನೀರು ಕುಡೀರಿ ಅಂತ ಡಾಕ್ಟರ್ ಮತ್ತೆ ಮತ್ತೆ ಹೇಳೋದು ಇದಕ್ಕೇ.

ನಿಮಗೆ ಅದಿಲ್ಲ ಅಂದ್ರೆ ರಕ್ತಕಣದ ಚಿಂತೆ ಬಿಡಿ. ಆದ್ರೆ ಎರಡು ಲೋಟ ತೀರಾ ಕಮ್ಮಿ ಆಯ್ತು ಮಾರಾಯ್ರೆ, ನಾಳೆ ಕಿಡ್ನಿ ಸ್ಟೋನ್ ಅಂತ ನೀವು ಮೂತ್ರದ ಡಬ್ಬಿ ಹಿಡ್ಕೊಂಡು ಬಂದ್ರೆ ಆ ಹರಳನ್ನೂ ನಾನೇ ಮೈಕ್ರೋಸ್ಕೋಪಲ್ಲಿ ಹುಡುಕ್ಬೇಕು.