ಸರಿಗಮಪದಲ್ಲಿ ಹಾಡಿಗಿಂತ ಸ್ಪರ್ಧಿಯ ಕಷ್ಟದ ಕಥೆಗೇ ಹೆಚ್ಚು ಮನ್ನಣೆ ಎಂಬ ವೀಕ್ಷಕರ ದೂರು ಸರಿಯೇ?

ಜೀ ಕನ್ನಡದ ಸರಿಗಮಪ ನೋಡುವ ನಮ್ಮ ತುಮಕೂರು ಕಡೆಯ ಮನೆಗಳಲ್ಲೂ ಈ ದೂರು ಆಗಾಗ ಕೇಳಿಬರುತ್ತದೆ. ನನ್ನ ಮಟ್ಟಿಗೆ ಅದು ಅರ್ಧ ಮಾತ್ರ ಸರಿ. ದೇವಸ್ಥಾನದ ಮುಂದೆ ಹಾಡಿ ಬದುಕುತ್ತಿದ್ದ ಮಧುಗಿರಿಯ ಅಂಧ ಸಹೋದರಿಯರು 2020ರಲ್ಲಿ ಆ ವೇದಿಕೆ ಏರಿದ್ದನ್ನು ಬರೀ ಅನುಕಂಪವೆಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಗುರುಗಳ ಬಳಿ ಕಲಿಯುವ ಅನುಕೂಲವೇ ಇಲ್ಲದವರಿಗೆ ಇಂಥ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ತೀರ್ಪಿನ ವಿಷಯ ಬೇರೆ. ಪಲ್ಲವಿಯನ್ನು ಸೊಗಸಾಗಿ ಎತ್ತಿಕೊಂಡ ಸ್ಪರ್ಧಿ ಚರಣದಲ್ಲಿ ತಾರಸ್ಥಾಯಿಗೆ ಹೋದಾಗ ಉಸಿರು ಸಾಲದೆ, ಸಾಲಿನ ಕೊನೆಯ ಅಕ್ಷರವನ್ನು ನುಂಗಿ ಶ್ರುತಿಯಿಂದ ಜಾರಿದ್ದು ಮನೆಯಲ್ಲಿ ಕುಳಿತವರಿಗೂ ತಿಳಿದಿರುತ್ತದೆ. ಆಗ ತೀರ್ಪುಗಾರರು ಅದನ್ನು ಬಿಟ್ಟು ಹೆತ್ತವರ ಕಣ್ಣೀರಿನ ಬಗ್ಗೆಯೇ ಮಾತನಾಡಿದರೆ, ಕಷ್ಟಪಟ್ಟು ಅಭ್ಯಾಸ ಮಾಡಿದ ಉಳಿದ ಮಕ್ಕಳಿಗೆ ನೋವಾಗುವುದು ಸಹಜ. ಮಹಾಗುರುಗಳ ಸ್ಥಾನದಲ್ಲಿ ಹಂಸಲೇಖ ಅವರು ಹಾಡಿನ ರಾಗ, ಸಾಹಿತ್ಯಗಳನ್ನು ಬಿಡಿಸಿ ಹೇಳುತ್ತಿದ್ದ ರೀತಿ ನನಗೆ ತುಂಬ ಮೆಚ್ಚುಗೆಯದು, ಅಲ್ಲಿ ವೀಕ್ಷಕರಿಗೂ ಕಲಿಯುವುದಿತ್ತು.

ಹಾಗೆಂದು, ಅಂಕ ಕಡಿಮೆ ಬಂದ ಕೂಡಲೇ ಪಕ್ಷಪಾತವೆನ್ನುವುದೂ ಆತುರವೇ: ಇಂಥ ಕಾರ್ಯಕ್ರಮಗಳ ಧ್ವನಿಯನ್ನು ಪ್ರಸಾರಕ್ಕೆ ಮುನ್ನ ಹದಗೊಳಿಸುವುದರಿಂದ, ವೇದಿಕೆಯ ಎದುರು ಕುಳಿತವರಿಗೆ ಕೇಳಿಸಿದ ಸಣ್ಣ ಅಪಸ್ವರ ನಮ್ಮ ಟಿವಿಯಲ್ಲಿ ಕೇಳಿಸದೆಯೇ ಹೋಗಬಹುದು.