‘ಇನ್ನೊಮ್ಮೆ ಹಂಗ ಆಗಲ್ಲ ಅಂತ ಹೇಳ್ರಿ ಮೇಡಂ’

ಗುರುತು ಸಿಗದಂಗ ವಿವರ ಬದಲಿಸೀನಿ, ಡಾಕ್ಟ್ರ ಒಪ್ಪಿಗೀನೂ ಐತಿ. ನಾ ಕೌನ್ಸೆಲರ್. ಒಂದು ಕೇಸ್ ತಪ್ಪಿದ ಮ್ಯಾಲೆ ಅಂಜಿಕಿ ಹಿಡದು ನನ್ನ ಹತ್ರ ಬಂದ ಡಾಕ್ಟ್ರೊಳಗ ಇವ್ರು ನಾಲ್ಕನೇದವ್ರು, ಅದಕ್ಕ ಬರದುಬಿಡಾಣ ಅನ್ನಿಸ್ತು.

ಸಿಂಧನೂರು ಕಡಿ ಭತ್ತದ ಸೀಮಿ, ಸಣ್ಣ ದವಾಖಾನಿ. ನಡುರಾತ್ರಿ ಕೂಲಿ ಹುಡುಗ ಒಬ್ಬ ಹೊಟ್ಟಿನೋವು ಅಂತ ಬಂದ, ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ಬೆಳಗಾಗೂದ್ರಾಗ ಕಣ್ಣರೆಪ್ಪಿ ಎತ್ತಾಕ ಬರವಲ್ದು, ಉಗುಳು ನುಂಗಾಕ ಬರವಲ್ದು. ಹೊಟ್ಟಿನೋವು ಬಂದಿದ್ದು ಕಟ್ಟುಹಾವು ಕಡದಿದ್ದಕ್ಕ. ನೆಲದ ಮ್ಯಾಲೆ ಮಲಗಿದೋರಿಗೆ ನಿದ್ದಿಯೊಳಗ ಕಡೀತೈತಿ, ಎಷ್ಟೋ ಸಲ ಗಾಯಾನೇ ಕಾಣಲ್ಲ. ವೆಂಟಿಲೇಟರ್ ಮ್ಯಾಲಿದ್ದು ಹುಡುಗ ಉಳಕೊಂಡ. ಆದ್ರ ಡಾಕ್ಟ್ರು ಅವತ್ತಿಂದ ಎದಿ ಉರೀತೈತಿ ಅಂದೋರ್ನೂ ರಾಯಚೂರಿಗೆ, ಬಳ್ಳಾರಿಗೆ ರೆಫರ್ ಮಾಡೂದು, ರಾತ್ರಿ ಎದ್ದು ಪೇಷಂಟಿಗೆ ಫೋನ್ ಹಚ್ಚೂದು. ಆ ಮಂದಿಯ ಕೂಲಿ, ಬಾಡಿಗಿ ಲೆಕ್ಕ ಯಾರು ಕೊಡ್ಬೇಕ್ರಿ?

ಮೂರನೇ ಸಲ ಬಂದಾಗ ಅಂದ್ರು, ‘ಟೆಸ್ಟರ ಏನು ಮಾಡ್ಲಿ? 20 ನಿಮಿಷ ರಕ್ತ ಹೆಪ್ಪುಗಟ್ಟತೈತೋ ಇಲ್ಲೋ ನೋಡೂದು ಮಂಡಲದ ಹಾವಿಗೆ ನಡೀತೈತಿ, ಕಟ್ಟುಹಾವು ಕಡದ್ರ ನಾರ್ಮಲ್ಲೇ ಬರ್ತೈತಿ. ಇನ್ನೊಮ್ಮೆ ಹಂಗ ಆಗಲ್ಲ ಅಂತ ನೀವರ ಹೇಳ್ರಿ ಮೇಡಂ.’

‘ಆಗಬಹುದು ಡಾಕ್ಟ್ರೇ’ ಅಂದೆ.

ಸಿಟ್ಟಿಗೆದ್ದು ಹೆಲ್ಮೆಟ್ ತಗೊಂಡು ನಿಂತೇಬಿಟ್ರು. ‘ಇದನ್ನ ಕೇಳಾಕ ಇಷ್ಟು ದೂರ ಬರ್ಬೇಕಿತ್ತೇನು?’

ಹಂಗ್ಯಾಕಂದ್ರಿ ಅಂತ ನನಗ ಆಮೇಲೆ ಬೈದೋರು ಅದಾರ. ಸುಳ್ಳು ಧೈರ್ಯ ಹೇಳಿದ್ರ ಮರುದಿನ ಮತ್ತ ಅದನ್ನೇ ಕೇಳಾಕ ಬರ್ತಿದ್ರು, ಇದನ್ನ ನಾ ಭಾಳ ನೋಡೀನಿ. ಕೂಡಿಸಿಕೊಂಡು, ನಾ ಹುಡುಗನ ತಾಯಿ ಅಂತ ತಿಳ್ಕೊಂಡು ಅವಂಗ ಏನಾಗೈತಿ ಹೇಳ್ರಿ ಅಂದೆ. ‘ಏನಿಲ್ಲವ್ವಾ, ಗ್ಯಾಸ್.’ ನಿಮಗ ಪಕ್ಕಾ ಗೊತ್ತೈತೇನ್ರಿ ಅಂದೆ. ಸುಮ್ಮನಾದ್ರು. ಗೊತ್ತಿಲ್ಲಂದ್ರ ಮಂದಿ ಬ್ಯಾರೆ ದವಾಖಾನಿಗೆ ಹೋಗ್ತಾರ ಅಂದ್ರು. ನಾಕೈದು ಸಲ ಹೇಳಿಸಿದೆ, ಕಡೀಕ ಬಂತು: ‘ಈಗ ನೋಡಿದ್ರ ಗ್ಯಾಸ್ ಇದ್ದಂಗೈತವ್ವಾ, ಪಕ್ಕಾ ಹೇಳಾಕ ಬರಲ್ಲ. ನೋವು ಒಂದೇ ಕಡೆ ಸರದ್ರ, ಜ್ವರ ಬಂದ್ರ ಬೆಳಗಿನ ತನ ಕಾಯಬ್ಯಾಡ, ಬಾ.’ ಆಮೇಲೆ ತಾವೇ ಅಂದ್ರು, ‘ನೆಲಕ್ಕ ಮಲಗಿದೋರು ರಾತ್ರಿ ಹೊಟ್ಟಿನೋವು ಅಂತ ಬಂದ್ರ ಮಾತ್ರ ಕಳಸೂದಿಲ್ಲ, ಕಣ್ಮುಂದ ಇಟ್ಕೋತೀನಿ.’ ಅದು ಅಂಜಿಕಿ ಅಲ್ಲ, ಅದು ಅವ್ರ ವಿದ್ಯಾ, ಅದರಾಗ ನಾ ಬಾಯಿ ಹಾಕಲ್ಲ.

ಹೋದ ವಾರ ಬಂದಿದ್ರು. ಚೀಟಿ ಹಿಂದ ‘ಯಾವಾಗ ವಾಪಸ್ ಬರ್ಬೇಕು’ ಅಂತ ಬರದು ಕೊಡಾಕತ್ತಾರಂತ. ಮೂರು ಮಂದಿ ವಾಪಸ್ ಬಂದ್ರಂತ, ಇಬ್ಬರಿಗೆ ಏನಿಲ್ಲ, ಒಬ್ಬಾಕಿಗೆ ಅಪೆಂಡಿಕ್ಸ್, ಟೈಮಿಗೆ ಸಿಕ್ಕಳು. ರಾತ್ರಿ ಫೋನ್ ಹಚ್ಚೂದು ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ.