ಪೂಲ್ ಕ್ಯೂಗೆ ಬಾಳಿಕೆ ಬರುವ ಫಿನಿಶ್: ಬಟ್‌ಗೆ ಒಂದು, ಶಾಫ್ಟ್‌ಗೆ ಇನ್ನೊಂದು

ಪ್ರಶ್ನೆ ಕೇಳಿದ ಗೆಳೆಯರಿಗೆ ನಮಸ್ಕಾರ. ಹಾರ್ಡ್ ಮೇಪಲ್ ಮತ್ತು ಬೀಟೆ ಮರ ಸೇರಿಸಿ ನೀವೇ ಲೇತ್‌ನಲ್ಲಿ ಕಡೆದ ಪೂಲ್ ಕ್ಯೂಗೆ, ಅಂದರೆ ಪೂಲ್ ಆಟದ ಕೋಲಿಗೆ, ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದಿದ್ದೀರಿ. ಮಳೆಗಾಲ ಮುಗಿಯುವಷ್ಟರಲ್ಲಿ ಕೈ ಹಿಡಿಯುವ ಕಡೆ ಅದು ಬಿಳಿಚಿಕೊಂಡು ಅಂಟಂಟಾಗಿದೆ. ಈಗ ಮೆಲಮೈನ್, ಚನ್ನಪಟ್ಟಣದ ಅರಗು, ಕಾರಿಗೆ ಹೊಡೆಯುವ ಕ್ಲಿಯರ್ ಕೋಟ್ ಈ ಮೂರರಲ್ಲಿ ಯಾವುದು ಬಾಳುತ್ತದೆ ಎಂದು ಕೇಳಿದ್ದೀರಿ. ಬಟ್‌ಗೆ, ಅಂದರೆ ಕೈಯಲ್ಲಿ ಹಿಡಿಯುವ ದಪ್ಪ ಹಿಂಭಾಗಕ್ಕೆ, ಕಾರಿನ ಟೂ-ಕೆ (ಹಾರ್ಡನರ್ ಎಂಬ ಗಟ್ಟಿಯಾಗಿಸುವ ದ್ರವ ಬೆರೆಸಿ ಬಳಸುವ, ಎರಡು ಭಾಗದ) ಯುರೆಥೇನ್ ಕ್ಲಿಯರ್ ಹಾಕಿ, ಚೆಂಡಿಗೆ ಹೊಡೆಯುವ ಸಪೂರ ಮುಂಭಾಗವಾದ ಶಾಫ್ಟ್‌ಗೆ ಮಾತ್ರ ಅದನ್ನು ಹಾಕಬೇಡಿ ಎಂಬುದು ನನ್ನ ಸಲಹೆ. ಆದರೆ ಯಾವ ಡಬ್ಬಿ ಕೊಂಡಿರಿ ಎನ್ನುವುದಕ್ಕಿಂತಲೂ, ಲೇಪ ಬೀಳುವ ಮೊದಲು ಮರವನ್ನು ಎಲ್ಲೆಲ್ಲಿ, ಹೇಗೆ ಮುಚ್ಚಿದಿರಿ ಎಂಬುದೇ ಬಾಳಿಕೆಯನ್ನು ಹೆಚ್ಚು ನಿರ್ಧರಿಸುತ್ತದೆ. ಹಾಗಾಗಿ ಆ ಭಾಗವನ್ನು ತುಸು ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ಲ್ಯಾಕರ್ ಏಕೆ ಕೆಟ್ಟಿತು ಎಂದು ನೋಡೋಣ. ಎನ್‌ಸಿ ಲ್ಯಾಕರ್ ಕೇವಲ ಥಿನ್ನರ್ ಆರಿ ಗಟ್ಟಿಯಾಗುವ ವಸ್ತು, ಅದರೊಳಗೆ ಯಾವ ರಾಸಾಯನಿಕ ಬೆಸುಗೆಯೂ ಆಗುವುದಿಲ್ಲ. ತೇವದ ದಿನ ಹೊಡೆದರೆ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವಾಂಶ ಅಲ್ಲಿಯೇ ಕೂರುತ್ತದೆ, ಬಿಳಿ ಮಸುಕು ಬರುವುದು ಇದರಿಂದ. ಆಮೇಲೆ ಆಟಗಾರನ ಕೈಯ ಬೆವರು ಮತ್ತು ಎಣ್ಣೆಯ ಅಂಶ ನಿತ್ಯ ತಾಗಿ ಅದನ್ನು ಮೆತ್ತಗಾಗಿಸುತ್ತವೆ. ಹಳೆಯ ಕ್ಯೂಗಳ ಮೇಲೆ ಲ್ಯಾಕರ್ ಹಳದಿಯಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿರುವುದನ್ನೂ ನೀವು ನೋಡಿರಬಹುದು. ಅದರ ಒಂದೇ ದೊಡ್ಡ ಗುಣವೆಂದರೆ ರಿಪೇರಿ ಸುಲಭ, ಏಕೆಂದರೆ ಹೊಸ ಕೋಟ್ ಹಳೆಯದನ್ನು ಕರಗಿಸಿಕೊಂಡು ಅದರೊಡನೆ ಒಂದಾಗುತ್ತದೆ.

ಮೆಲಮೈನ್ ಇದಕ್ಕಿಂತ ಗಟ್ಟಿ, ನಮ್ಮ ಬಡಗಿಗಳಿಗೆ ಕೈ ಪಳಗಿದ ಪಾಲಿಶ್ ಕೂಡ ಹೌದು. ಆದರೆ ದಪ್ಪಗೆ ಏರಿಸಿದರೆ ಅದು ಪೆಡಸಾಗುತ್ತದೆ. ಮೇಜಿನ ಅಂಚಿಗೆ ತಾಗುತ್ತ, ಪೆಟ್ಟಿಗೆಯೊಳಗೆ ಹೋಗಿ ಬರುತ್ತ ಇರುವ ಕ್ಯೂ ಮೇಲೆ ಪೆಡಸು ಲೇಪ ಚಕ್ಕೆ ಏಳುತ್ತದೆ.

ಅರಗಿನ ವಿಚಾರದಲ್ಲಿ ನನಗೆ ತುಂಬಾ ಗೌರವವಿದೆ. ತಿರುಗುತ್ತಿರುವ ಆಲೆಮರದ ಮೇಲೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಬಿಸಿಯಲ್ಲೇ ಕರಗಿಸಿ, ತಾಳೆಯ ಗರಿಯಿಂದ ತಿಕ್ಕಿ ಹೊಳಪು ತರುವ ಚನ್ನಪಟ್ಟಣದ ಕೆಲಸ ಲೇತ್ ಮೇಲಿನ ಲೇಪನಕ್ಕೆ ಅತ್ಯುತ್ತಮ ಪಾಠ. ಆದರೂ ಕ್ಯೂಗೆ ಅದು ಹೊರಗಿನ ಕವಚವಾಗಿ ಸಲ್ಲದು. ಅರಗು 70-80 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ, ಆಲ್ಕೋಹಾಲಿನಲ್ಲಂತೂ ಕರಗಿಯೇ ಹೋಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಒಬ್ಬರು ಹಿಡಿದರೂ ಸಾಕು, ಬೆರಳಿನ ಗುರುತು ಉಳಿಯುತ್ತದೆ. ಮೇಣ ತೆಗೆದ ಶೆಲ್ಯಾಕ್ (ಶುದ್ಧಗೊಳಿಸಿದ ಅರಗು) ಆಗಿ, ಅಂದರೆ ಹೊರ ಲೇಪಕ್ಕೆ ಮೊದಲು ಮರವನ್ನು ಮುಚ್ಚುವ ಒಳಗಿನ ಸೀಲರ್ ಆಗಿ, ಅದಕ್ಕೆ ಒಳ್ಳೆಯ ಸ್ಥಾನವಿದೆ. ಮೇಣ ತೆಗೆಯದ ಶೆಲ್ಯಾಕ್ ಮೇಲೆ ಯುರೆಥೇನ್ ಸರಿಯಾಗಿ ಹಿಡಿಯುವುದಿಲ್ಲ.

ಟೂ-ಕೆ ಕ್ಲಿಯರ್ ಗಟ್ಟಿಯಾಗುವುದು ಹಾರ್ಡನರ್ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡು. ಹಾಗಾಗಿ ಒಮ್ಮೆ ಪೂರ್ತಿ ಬಲಿತರೆ ಬೆವರಿಗಾಗಲಿ ಸ್ಯಾನಿಟೈಸರಿಗಾಗಲಿ ಜಗ್ಗುವುದಿಲ್ಲ. ಗಡಸುತನದ ಜೊತೆಗೆ ತುಸು ಬಾಗುವ ಗುಣವೂ ಇರುವುದರಿಂದ ಪೆಟ್ಟು ತಡೆಯುತ್ತದೆ. ಪೀಠೋಪಕರಣಕ್ಕೆಂದು ಮಾರುವ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಕೂಡ ಇದೇ ಜಾತಿಯದು. ಆದರೆ ಅವುಗಳಲ್ಲಿ ಕೆಲವಕ್ಕೆ ಬಳಸುವ ಟಿಡಿಐ ಎಂಬ ರಾಸಾಯನಿಕ ಆಧಾರದ ಹಾರ್ಡನರ್ ಬೆಳಕಿಗೆ ಹಳದಿಯಾಗುತ್ತದೆ, ಬಿಳಿ ಮೇಪಲ್ ಮೇಲೆ ಅದು ಬಹಳ ಎದ್ದು ಕಾಣುತ್ತದೆ. ಕಾರಿನ ಕ್ಲಿಯರ್‌ನಲ್ಲಿ ಸಾಮಾನ್ಯವಾಗಿ ಎಚ್‌ಡಿಐ ಎಂಬ ಬೇರೆ ರಾಸಾಯನಿಕ ಆಧಾರದ ಹಾರ್ಡನರ್ ಇರುತ್ತದೆ, ಬಿಸಿಲಿನಿಂದ ಕಾಪಾಡುವ ಅಂಶಗಳೂ ಸೇರಿರುತ್ತವೆ. ಅಂಗಡಿಯಲ್ಲಿ ಹಳದಿಯಾಗದ ಬಗೆಯೇ ಎಂದು ಕೇಳಿ ಕೊಳ್ಳಿ. ಅಲ್ಟ್ರಾವಯಲೆಟ್ ದೀಪದಲ್ಲಿ ಗಟ್ಟಿಯಾಗುವ ಲೇಪವೂ ಬಹಳ ಒಳ್ಳೆಯದೇ, ಆದರೆ ದೀಪದ ಖರ್ಚು ಒಂದೆರಡು ಕ್ಯೂ ಮಾಡುವವರಿಗೆ ಗಿಟ್ಟುವುದಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಬಟ್ ಮತ್ತು ಶಾಫ್ಟ್ ಸೇರುವ ಜಾಯಿಂಟಿನ ಬಳಿ ಇರುವ ಕಾಲರ್ ಎಂಬ ರಿಂಗಿನ ಲೋಹ ಅಥವಾ ಫೀನಾಲಿಕ್ (ಒಂದು ಗಟ್ಟಿ ಪ್ಲಾಸ್ಟಿಕ್) ಗಾಳಿಯ ತೇವಕ್ಕೆ ಮರದಷ್ಟು ಹಿಗ್ಗುವುದಿಲ್ಲ, ಮರ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಹೀಗಾಗಿ ಕನ್ನಡಿಯಂತೆ ಮುಗಿಸಿದ ಕ್ಯೂ ಮೇಲೂ ಕೆಲವು ತಿಂಗಳಿಗೆ ರಿಂಗ್ ಮತ್ತು ಮರ ಸೇರುವ ಕಡೆ ಉಗುರಿಗೆ ತಡೆಯುವ ಒಂದು ಗೆರೆ ಏಳುತ್ತದೆ. ಮುಂದೆ ಅಲ್ಲಿಯೇ ಲೇಪ ಸೀಳಿ ಬೆವರು ಒಳಗಿಳಿಯುತ್ತದೆ. ಜನರು ಇದನ್ನು ಲೇಪದ ದೋಷವೆಂದು ತಿಳಿಯುತ್ತಾರೆ, ವಾಸ್ತವದಲ್ಲಿ ಅದು ಮರದ ತೇವಾಂಶದ ಏರಿಳಿತ. ಯಾವ ಲೇಪವೂ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ಹೊರಮೈಗೆ ಎಷ್ಟೇ ದಪ್ಪ ಕೋಟ್ ಹಾಕಿದರೂ ಜಾಯಿಂಟ್ ಪಿನ್ನಿನ ರಂಧ್ರದ ಒಳಗೋಡೆ, ಜಾಯಿಂಟಿನ ಮುಖ, ಲಿನನ್ ದಾರ ಸುತ್ತುವ ತಗ್ಗಿನ ಮರ, ರಬ್ಬರ್ ಬಂಪರಿನ ಅಡಿಯ ತುದಿ ಇವು ಬರಿಯಾಗಿದ್ದರೆ ತೇವ ಅಲ್ಲಿಂದಲೇ ಒಳಹೋಗುತ್ತದೆ. ನಾರಿನ ತುದಿ ತೆರೆದಿರುವ ಕಡೆ ಮರ ತೇವವನ್ನು ಅಡ್ಡ ಮೈಗಿಂತ ಎಷ್ಟೋ ಪಟ್ಟು ಬೇಗ ಹೀರಿಕೊಳ್ಳುತ್ತದೆ. ಆದ್ದರಿಂದ ಈ ಗುಪ್ತ ಜಾಗಗಳಿಗೆಲ್ಲ ತೆಳು ಎಪಾಕ್ಸಿಯನ್ನು ಎರಡು ಬಾರಿ ಹಚ್ಚಿ. ಕಡೆಯುವ ಕೆಲಸವನ್ನೂ ಒಂದೇ ಸಲಕ್ಕೆ ಮುಗಿಸಬೇಡಿ. ಪ್ರತಿ ಸಲ ಸ್ವಲ್ಪ ಕಡೆದು ವಾರಗಟ್ಟಲೆ ತೂಗುಹಾಕಿ ಮರ ಕುಳಿತುಕೊಳ್ಳಲು ಬಿಡಿ, ಅದು ಬಾಗುವುದಿದ್ದರೆ ಆಗಲೇ ಬಾಗಲಿ. ಮಂಗಳೂರಿನ ಜೂನ್ ತಿಂಗಳಲ್ಲಿ ಕಡೆದು ಲೇಪಿಸಿದ ಕ್ಯೂ ಬೆಂಗಳೂರಿನ ಎಸಿ ಕ್ಲಬ್ಬಿಗೆ ಹೋದರೆ ಗೆರೆ ಏಳುವುದು ಬಹುತೇಕ ಖಚಿತ.

ಬೀಟೆ ಮರಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಅದರ ಎಣ್ಣೆಯಂಥ ಅಂಶ ಲೇಪವನ್ನು ಹಿಡಿಯಗೊಡುವುದಿಲ್ಲವಾದ್ದರಿಂದ ಲೇಪಿಸುವ ಸ್ವಲ್ಪ ಮುಂಚೆ ಅಸಿಟೋನ್‌ನಿಂದ ಒರೆಸಬೇಕು. ಆದರೆ ಅದೇ ಅಸಿಟೋನ್ ಬೀಟೆಯ ಕೆನ್ನೀಲಿ ಬಣ್ಣವನ್ನು ಕರಗಿಸಿ ಪಕ್ಕದ ಮೇಪಲ್‌ಗೆ ಹತ್ತಿಸುತ್ತದೆ. ಲೇತ್ ತಿರುಗುತ್ತಿರುವಾಗ ಒರೆಸಲೇಬೇಡಿ. ನಿಲ್ಲಿಸಿ, ಬಿಳಿ ಮರದಿಂದ ಕಪ್ಪು ಮರದ ಕಡೆಗೆ ಉದ್ದುದ್ದ ಎಳೆಯಿರಿ, ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಮಗ್ಗುಲು ಬಳಸಿ. ಇಲ್ಲಿ ಸೀಲರ್ ಆಗಿ ಶೆಲ್ಯಾಕ್‌ಗಿಂತ ಎಪಾಕ್ಸಿ ಮೇಲು, ಶೆಲ್ಯಾಕ್‌ನಲ್ಲಿರುವ ಸ್ಪಿರಿಟ್ ಕೂಡ ಬಣ್ಣವನ್ನು ಎಳೆಯುತ್ತದೆ. ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ, ನಿಜ. ಅದನ್ನು ತೆಳುವಾಗಿ ಹಚ್ಚಿ, ಗಟ್ಟಿಯಾದ ಮೇಲೆ ಮೈಮೇಲೆ ಜಿಡ್ಡು ಕಂಡರೆ ನೀರಿನಿಂದ ತೊಳೆದೊರೆಸಿ, 400ರ ನಂತರ 600ರ ಸ್ಯಾಂಡ್‌ಪೇಪರ್ ಹಾಕಿ ಸಮಮಾಡಿ. ಮೇಲಿನ ಯುರೆಥೇನ್ ಅದಕ್ಕೆ ನೆರಳಾಗಿ ನಿಲ್ಲುತ್ತದೆ.

ಕ್ಲಿಯರ್ ಎರಡರಿಂದ ಮೂರು ಕೋಟ್ ಸಾಕು. ಬೆರಕೆಯ ಪ್ರಮಾಣವನ್ನು ಡಬ್ಬಿಯ ಮೇಲಿರುವಂತೆಯೇ ಅಳೆಯಿರಿ, ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚಿಸಬೇಡಿ. ಮಳೆ ಹಿಡಿದ ದಿನ ಹೊಡೆಯಬೇಡಿ, ಹಾರ್ಡನರ್ ನೀರಿನ ಆವಿಯೊಡನೆ ಸೇರಿದರೆ ಅನಿಲ ಹುಟ್ಟಿ ಸೂಜಿಮೊನೆಯಂಥ ತೂತುಗಳಾಗುತ್ತವೆ. ಕೋಟ್ ಬಿದ್ದ ಮೇಲೆ ಬಟ್ಟನ್ನು ಅಡ್ಡವಾಗಿ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರೆ ಲೇಪ ಇಳಿದು ಗೆರೆಗಳಾಗುವುದಿಲ್ಲ. ವಾರ ಕಳೆದ ನಂತರ 1000, 1500, 2000ರ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ, ಕಾಂಪೌಂಡಿನಿಂದ ಹೊಳಪು ತನ್ನಿ. ಟೂ-ಕೆ ಕೋಟುಗಳು ಲ್ಯಾಕರಿನಂತೆ ಒಂದರೊಳಗೊಂದು ಕರಗುವುದಿಲ್ಲ. ಮೇಲಿನ ಕೋಟನ್ನು ಸವೆಸಿ ಕೆಳಗಿನದಕ್ಕೆ ಇಳಿದುಬಿಟ್ಟರೆ ನಕ್ಷೆಯಂತೆ ಅಂಚು ಕಾಣುತ್ತದೆ, ಅದಕ್ಕೆ ಇನ್ನೊಂದು ಕೋಟ್ ಹೊಡೆಯದೆ ಬೇರೆ ದಾರಿಯಿಲ್ಲ.

ಹೊಡೆಯುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಾರ್ಡನರಿನ ಐಸೊಸಯನೇಟ್ ತುಂತುರು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ತರಬಲ್ಲದು. ದೇಹ ಒಮ್ಮೆ ಅದಕ್ಕೆ ಸಂವೇದಿಯಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಅದಕ್ಕೆ ಎಚ್ಚರಿಸುವಷ್ಟು ವಾಸನೆಯಿಲ್ಲದ ಕಾರಣ ಕಾರ್ಟ್ರಿಡ್ಜ್ ಮಾಸ್ಕ್ ಯಾವಾಗ ಸೋತಿತು ಎಂಬುದೇ ತಿಳಿಯುವುದಿಲ್ಲ. ಗಾಳಿ ಪೂರೈಸುವ ಮಾಸ್ಕ್ ಮತ್ತು ಬೂತ್ ಇರುವ ಕಾರ್ ಪೇಂಟಿಂಗ್ ಗ್ಯಾರೇಜಿಗೆ ಸಿದ್ಧಮಾಡಿದ ಬಟ್ ಕೊಂಡೊಯ್ಯಿರಿ, ಅವರು ಯಾವುದಾದರೂ ಕಾರಿನ ಬಂಪರ್‌ಗೆ ಹೊಡೆಯುವಾಗ ಇದನ್ನೂ ಕೊಕ್ಕೆಗೆ ತೂಗಿ ಹೊಡೆದುಕೊಡುತ್ತಾರೆ. ಆದರೆ ಬೂತಿನಲ್ಲಿ 60 ಡಿಗ್ರಿಗೆ ಬೇಯಿಸಬೇಡಿ ಎಂದು ಮೊದಲೇ ಹೇಳಿಬಿಡಿ. ಕೋಣೆಯ ಉಷ್ಣಾಂಶದಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ ಅಂಟು ಆ ಬಿಸಿಗೆ ಮೆತ್ತಗಾಗಿ ಜೋಡಣೆ ಸಡಿಲವಾಗಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಕ್ಯೂ ಬಿಡಬಾರದು ಎನ್ನುವುದಕ್ಕೂ ಇದೇ ಕಾರಣ.

ಶಾಫ್ಟ್ ವಿಚಾರ ಚಿಕ್ಕದು. ಅದು ಬೆರಳುಗಳ ನಡುವೆ ಜಾರಬೇಕು. ಹೊಳಪಿನ ಯುರೆಥೇನ್ ಬೆವರಿದ ಕೈಗೆ ಹಿಡಿದುಕೊಳ್ಳುತ್ತದೆ. ಕ್ಯೂ ತುದಿಗೆ ಹಚ್ಚುವ ಚಾಕಿನಲ್ಲಿರುವ ಸಿಲಿಕಾದಂಥ ಉಜ್ಜುವ ಕಣಗಳೂ ಆ ಹೊಳಪನ್ನು ಬೇಗ ಕೆಡಿಸುತ್ತವೆ. ಜಾಯಿಂಟಿನ ಹತ್ತಿರದ ಕೆಲವು ಇಂಚಿಗೆ ಮಾತ್ರ ಕ್ಲಿಯರ್ ಬರಲಿ. ಉಳಿದ ಭಾಗಕ್ಕೆ ಸ್ಯಾಂಡಿಂಗ್ ಸೀಲರ್ ತೆಳುವಾಗಿ ಹಚ್ಚಿ, ಪೂರ್ತಿ ತಿಕ್ಕಿ ತೆಗೆದು, ಕಾರ್ನೌಬಾ ಮೇಣ ಹಾಕಿ ಚರ್ಮದ ತುಂಡಿನಿಂದ ಬಿಸಿಯಾಗುವಂತೆ ಉಜ್ಜಿ. ಕೊಳೆಯಾದಾಗ ಒರಟು ಪೇಪರ್ ಹಾಕುವ ಅಭ್ಯಾಸ ಬೇಡ, ಶಾಫ್ಟಿನ ದಪ್ಪ ಸವೆದು ಆಟದ ಹದವೇ ಬದಲಾಗುತ್ತದೆ. ಗುಂಪಿನಲ್ಲಿ ಆಶ್ ಮರದ ಸ್ನೂಕರ್ ಕ್ಯೂ ಮಾಡುವವರೂ ಇದ್ದಾರೆ. ಅವರಿಗೆ ಅಗಸೆ ಎಣ್ಣೆಯೇ ಸರಿ, ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಬೆಂಕಿ ಹೊತ್ತಬಹುದು, ಬಿಡಿಸಿ ಹೊರಗೆ ಒಣಹಾಕಿ.

ಹಳೆಯ ಲ್ಯಾಕರ್ ಮೇಲೆಯೇ ಟೂ-ಕೆ ಹೊಡೆಯಬೇಡಿ, ಅದರ ಥಿನ್ನರ್ ಕೆಳಗಿನ ಲ್ಯಾಕರನ್ನು ಸುಕ್ಕುಗಟ್ಟಿಸುತ್ತದೆ. ಲೇತ್ ಮೇಲೆ ಮರದವರೆಗೆ ತಿಕ್ಕಿ ತೆಗೆಯಬೇಕು. ಹಾಗೆ ತೆಗೆದಾಗ ಮರ ಕಾಲರಿಗಿಂತ ತಗ್ಗಾಗದಂತೆ ಎರಡನ್ನೂ ಒಟ್ಟಿಗೇ ಸಮಮಾಡಿಕೊಳ್ಳಿ. ನಿಮ್ಮ ಕಾಲರ್ ಸ್ಟೀಲಿನದೋ ಫೀನಾಲಿಕ್‌ನದೋ, ಮತ್ತು ಹಿಡಿಕೆಗೆ ಲಿನನ್ ಸುತ್ತಿದ್ದೀರೋ ಬರಿ ಮರವೋ ಎಂದು ತಿಳಿಸಿದರೆ, ಸವೆಸುವ ಕ್ರಮವನ್ನು ಅದಕ್ಕೆ ತಕ್ಕಂತೆ ಬರೆದು ಹಾಕುತ್ತೇನೆ.